ಮಜ್ಜಿಗೆ ಕುಡಿಯುವಾಗ ಕಿಸೆಯಲ್ಲಿದ್ದ ತಂತಿ

1974ರಲ್ಲಿ ನಾನು ಬಿಜಾಪುರದಲ್ಲಿ ತಂತಿ, ಅಂದರೆ ಟೆಲಿಗ್ರಾಫ್, ಕಲಿಸುವ ತರಬೇತುದಾರನಾಗಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕು ನನ್ನ ಪಾಲಿಗಿದ್ದವು. ಹೊಸದಾಗಿ ತಂತಿ ಬಂದ ಹಳ್ಳಿಯ ಪೋಸ್ಟ್ ಮಾಸ್ತರರಿಗೆ ಹದಿನೈದು ದಿನದಲ್ಲಿ ಮೋರ್ಸ್ ಕಲಿಸುವುದು ನನ್ನ ಕೆಲಸ. ಕಲಿಯದಿದ್ದರೆ ಯಂತ್ರ ವಾಪಸು.

ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಗೆ ಅಲ್ಲಿಯವರೆಗೆ ತಂತಿ ಸುದ್ದಿ ಕಾಲ್ನಡಿಗೆಯಲ್ಲಿ ಬರುತ್ತಿತ್ತು, ಅದೂ ಮರುದಿನ. ಸತ್ತವರ ಮುಖ ನೋಡಲು ಯಾರಿಗೂ ಆಗುತ್ತಿರಲಿಲ್ಲ. ಅದಕ್ಕಾಗಿಯೇ ಊರವರು ಅರ್ಜಿ ಮೇಲೆ ಅರ್ಜಿ ಹಾಕಿ ಯಂತ್ರ ತರಿಸಿಕೊಂಡಿದ್ದರು.

ಮಾಸ್ತರ್ ಗುರುಪಾದಪ್ಪನವರಿಗೆ ನಲವತ್ತೆಂಟು ವಯಸ್ಸು. ಮೋರ್ಸ್‌ನಲ್ಲಿ ಪ್ರತಿ ಅಕ್ಷರಕ್ಕೂ ಚಿಕ್ಕ ಮತ್ತು ಉದ್ದ ಸದ್ದಿನ ಒಂದೊಂದು ಜೋಡಣೆ ಇರುತ್ತದೆ. ಅದನ್ನು ಕಿವಿಯಿಂದ ಕೇಳಿ ನೇರವಾಗಿ ಅಕ್ಷರ ಬರೆಯಬೇಕು. ಇವರು ಮೊದಲು ಚುಕ್ಕಿ, ಗೆರೆ ಬರೆದುಕೊಂಡು ಆಮೇಲೆ ಅಕ್ಷರ ಹುಡುಕುತ್ತಿದ್ದರು. ಅಷ್ಟರಲ್ಲಿ ಮುಂದಿನ ಎರಡು ಪದ ಹೋಗಿರುತ್ತಿದ್ದವು. ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ನಾಲ್ಕರಿಂದ ಆರು, ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಹತ್ತನೆಯ ದಿನಕ್ಕೆ ನಾನು ಆಸೆ ಬಿಟ್ಟಿದ್ದೆ.

ಕಿಟಕಿಯಲ್ಲಿ ನಿಂತು ಒಬ್ಬ ರೈತ ಕೇಳಿದ, "ಮಾಸ್ತರ್ರ, ಬಡಗ್ಯಾನ ಕೆಲಸ ಹಿಡಿದ್ರೇನ್ರಿ? ದಿನಾ ಟಕಟಕ ಬಡೀತೀರಿ!"

"ಇಲ್ಲೋ ಮಾರಾಯಾ, ಮುದ್ದೇಬಿಹಾಳದವರ ಕೂಡ ಮಾತಾಡಾಕತ್ತೇನಿ. ಅವ್ರು ಹೇಳೂದು ನನಗ ತಿಳಿಯವಲ್ದು, ಅಷ್ಟ."

ಹನ್ನೊಂದನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಯಂತ್ರ ಕರೆಯಿತು. ಗುರುಪಾದಪ್ಪ ಕಣ್ಣು ಮುಚ್ಚಿ ಕುಳಿತರು. ಚುಕ್ಕಿ ಇಲ್ಲ, ಗೆರೆ ಇಲ್ಲ, ಅಕ್ಷರವೇ ಬಂತು. ಇಂಗ್ಲಿಷಿನ ಆ ಸಾಲು ಇಷ್ಟು ಹೇಳುತ್ತಿತ್ತು: ತಂದೆ ತೀರಿಕೊಂಡರು, ಸಂಜೆ ಮಣ್ಣು ಮಾಡುತ್ತೇವೆ, ಕೂಡಲೇ ಹೊರಡಿ. ಇಂಡಿಯಿಂದ, ಶಾಂತವ್ವನ ಹೆಸರಿಗೆ. ನಾನು ತಿರುಗಿ ಕೇಳಿ ತಾಳೆ ನೋಡಿದೆ. ಒಂದು ತಪ್ಪಿಲ್ಲ. ಸಾವಿನ ತಂತಿ ಎಂಬುದನ್ನು ಮರೆತು ಅವರ ಬೆನ್ನು ತಟ್ಟಿದೆ.

ಶಾಂತವ್ವನ ಮನೆ ಐದು ನಿಮಿಷದ ದಾರಿ. ಬಾಗೇವಾಡಿಗೆ ಹನ್ನೆರಡಕ್ಕೆ ಬಸ್ಸು, ಅಲ್ಲಿಂದ ಮುಂದೆ ಇಂಡಿಯ ದಾರಿ. ಮಾಸ್ತರರು ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಹೊರಟರು. ನಾನು ಯಂತ್ರದ ಮುಂದೆ ಕುಳಿತೆ. ಹನ್ನೆರಡಕ್ಕೆ ಬಸ್ಸು ಹೊರಟ ಸದ್ದು ಕೇಳಿತು. ವೇಳೆಗೆ ಸರಿಯಾಗಿದೆ ಎಂದು ಕೈಗಡಿಯಾರ ನೋಡಿಕೊಂಡೆ.

ಅವರು ಹಿಂತಿರುಗಿದ್ದು ಹನ್ನೆರಡೂವರೆಗೆ.

"ಇಷ್ಟೊತ್ತು ಯಾಕೆ?"

"ಉಣ್ಣಾಕ ಕುಂತಿದ್ರು ಸಾಹೇಬ್ರ. ಸುದ್ದಿ ಹೇಳಿದ್ರ ಮಣ್ಣಾಗೂತನಕ ಬಾಯಾಗ ನೀರ್ ಹಾಕೂದಿಲ್ಲ. ಆಕಿ ಎಲ್ಲಾರಿಗೂ ನೀಡಿ ಕಡೀಕ ಕುಂತ್ಲು. ಉಂಡು ಕೈ ತೊಳಕೊಳ್ಳಿ ಅಂತ ಕುಂತೆ. ನನಗೂ ಮಜ್ಜಿಗಿ ಕೊಟ್ಲು, ಕುಡದೆ."

"ಬಸ್ಸು?"

ಅವರು ಬಾಗಿಲ ಕಡೆ ನೋಡಿದರು. "ಅಯ್ಯ, ಅದು ನೆನಪ ಆಗ್ಲಿಲ್ರಿ" ಎಂದರು.

ಇಬ್ಬರೂ ಓಡಿ ಒಂದು ಲಾರಿ ನಿಲ್ಲಿಸಿ ಶಾಂತವ್ವನನ್ನೂ ಆಕೆಯ ಗಂಡನನ್ನೂ ಹತ್ತಿಸಿದೆವು. ಬಾಗೇವಾಡಿಯಲ್ಲಿ ಇಂಡಿಯ ಬಸ್ಸು ಹೋಗಿಬಿಟ್ಟಿತ್ತು. ಅವರು ಇಂಡಿ ಮುಟ್ಟಿದ್ದು ಮರುದಿನ ಬೆಳಿಗ್ಗೆ.

ಮೂರು ದಿನದ ಮೇಲೆ ಶಾಂತವ್ವ ಕಿಟಕಿಯ ಹತ್ತಿರ ಬಂದಳು.

"ಯಣ್ಣಾ, ನೀ ಮಜ್ಜಿಗಿ ಕುಡಿಯೂ ಮುಂದ ಅದು ಕಿಸೇದಾಗ ಇತ್ತನ?"

"ಇತ್ತವಾ."

"ನಾ ಇನ್ನೊಂದು ರೊಟ್ಟಿ ಹಾಕ್ಕೊಂಡೆ. ನೀ ನೋಡಕೋತ ಕುಂತಿದ್ಯಲ್ಲ." ಅಷ್ಟು ಹೇಳಿ ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಫಾರಂನಲ್ಲಿ ತಂತಿ ಮುಟ್ಟಿಸಿದ ವೇಳೆಯ ಕಾಲಂ ಇರುತ್ತದೆ. ಗುರುಪಾದಪ್ಪ ಮುತ್ತಿನಂಥ ಅಕ್ಷರದಲ್ಲಿ 12-20 ಎಂದು ಬರೆದಿದ್ದರು. ಹನ್ನೊಂದೂಕಾಲು ಎಂದು ಬರೆದಿದ್ದರೆ ಕೇಳುವವರಿರಲಿಲ್ಲ. ನಾನು ಕಂಡದ್ದನ್ನು ವರದಿ ಮಾಡಿದೆ. ಹಾಗೆ ಮಾಡುವುದು ನನ್ನ ಶಿಸ್ತು. ಹದಿನೈದನೆಯ ದಿನ ನಾನು ಪರೀಕ್ಷೆ ಮಾಡಬೇಕಿತ್ತು, ಅವರು ಯಂತ್ರ ಮುಟ್ಟಲೇ ಇಲ್ಲ. "ಬ್ಯಾಡ್ರಿ ಸಾಹೇಬ್ರ, ಒಯ್ದುಬಿಡ್ರಿ" ಎಂದರು. ಯಂತ್ರವನ್ನು ನಾನೇ ಪೆಟ್ಟಿಗೆಗೆ ಹಾಕಿದೆ. ಆ ಊರಿಗೆ ಸುದ್ದಿ ಮತ್ತೆ ನಡೆದುಕೊಂಡೇ ಬರತೊಡಗಿತು.

ಅದಾದ ಮೇಲೆ ನಾನು ತರಬೇತಿಯನ್ನು ಅಕ್ಷರದಿಂದ ಶುರು ಮಾಡಲಿಲ್ಲ. ಮೊದಲ ದಿನ ಕಲಿಯುವವರ ಕೈಗೆ ಒಂದು ಕಾಗದ ಕೊಟ್ಟು ಕೇಳುತ್ತಿದ್ದೆ: ಇದು ಸಾವಿನ ತಂತಿ, ಮನೆಯವರು ಊಟಕ್ಕೆ ಕುಳಿತಿದ್ದಾರೆ, ಏನು ಮಾಡುತ್ತೀರಿ? ಕೂಡಲೇ ಮುಟ್ಟಿಸಬೇಕೆಂಬ ನಿಯಮ ಹೇಳಿಕೊಟ್ಟ ಮೇಲೂ ಹೆಚ್ಚಿನವರು ತಲೆ ತಗ್ಗಿಸಿ ಗುರುಪಾದಪ್ಪನ ಉತ್ತರವನ್ನೇ ಕೊಟ್ಟರು. ಅವರಿಗೂ ನಾನು ಮೋರ್ಸ್ ಕಲಿಸಿದೆ. ನನಗೆ ಕಲಿಸಲು ಬರುತ್ತಿದ್ದದ್ದು ಅಷ್ಟೇ.