ಮೂರು ತಲೆಮಾರಿನ ಉಬ್ಬಸ

ನಮ್ಮ ಎದುರುಮನೆಯವರು ರೈಲಿನ ಗಾಲಿಯನ್ನು ಸುತ್ತಿಗೆಯಿಂದ ತಟ್ಟಿ, ಸದ್ದಿನಿಂದಲೇ ಬಿರುಕು ಪತ್ತೆಹಚ್ಚುವ ಪರೀಕ್ಷಕರು. ಉಬ್ಬಸವು ಅವರಿಗೆ ಪಿತ್ರಾರ್ಜಿತ ಆಸ್ತಿ; ಇಂಜಿನ್ನಿಗೆ ಕಲ್ಲಿದ್ದಲು ತುಂಬುತ್ತಿದ್ದ ತಾತನಿಂದ ತಂದೆಗೂ, ತಂದೆಯಿಂದ ಇವರಿಗೂ ಕ್ರಮವಾಗಿ ಸಂದದ್ದು. "ಉಗಿಬಂಡಿ ನಿಂತುಹೋಯ್ತು ಅಂತಾರೆ ಸ್ವಾಮಿ, ನಮ್ಮನೇಲಿ ಇನ್ನೂ ಓಡ್ತಾ ಇದೆ!" ಎಂದು ಎದೆ ತಟ್ಟಿಕೊಂಡು ಏದುಸಿರಿನಲ್ಲೇ ನಗುವರು. ಮೆಟ್ಟಿಲ ನಡುವೆ ನಿಂತರೆ, "ಸಿಗ್ನಲ್ ಬಿದ್ದಿಲ್ಲ" ಎನ್ನುವರು. ಕಳೆದ ಮಾರ್ಚ್ ಹದಿನಾಲ್ಕರಂದು ಮೊಮ್ಮಗಳು ಹುಟ್ಟಿದ ಮೇಲೆ, ಆ ಆಸ್ತಿ ಅವಳಿಗೂ ಸಂದಿತೋ ಎಂದು ನಿತ್ಯವೂ ಅವಳೆದೆಗೆ ಕಿವಿಯಿಡುವರು. "ಅದು ಮಗು ಅಪ್ಪಾ, ಗಾಲಿ ಅಲ್ಲ!" ಎಂದು ಮಗಳು ಗದರಿದರೂ ಬಿಡರು. ಉಸಿರಿಗಾಗಿ ಹಗಲಿರುಳು ಹೆಣಗುವ ಅವರು, ತಮ್ಮ ಸದ್ದು ಅಡ್ಡಬಾರದೆಂದು ಆಗ ಉಸಿರನ್ನೇ ಬಿಗಿಹಿಡಿಯುವರು; ಮುಖ ಕೆಂಪೇರಿದ ಮೇಲೆ ತಲೆಯೆತ್ತಿ, "ಒಂಚೂರೂ ಗೊರಗೊರ ಇಲ್ಲ ಕಣಮ್ಮಾ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುವರು.