ನಲವತ್ತೊಂದು ಒಂದೇ ಉತ್ತರ, ಒಂದು ಬೇರೆ

2003ರಲ್ಲಿ ನಾನು ಇಳಕಲ್ಲಿನ ಒಂದು ಕಾಲೇಜಿನಲ್ಲಿ ಬಿ.ಕಾಂ. ತರಗತಿಗೆ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಆ ವರ್ಷ ನಮಗೆ ಎಂಟು ಕಂಪ್ಯೂಟರುಗಳ ಲ್ಯಾಬ್ ಬಂತು, ಬಸ್ ನಿಲ್ದಾಣದ ಬಳಿ ಸೈಬರ್ ಕೆಫೆಯೂ ತೆರೆಯಿತು. ಅಂದಿನಿಂದ ಟೈಪಾದ ಹಾಳೆ ಕಂಡರೆ ಸಾಕು, ನನಗೆ ಕಳ್ಳಮಾಲಿನ ವಾಸನೆ ಬರುತ್ತಿತ್ತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಒಂದು ಅಸೈನ್‌ಮೆಂಟ್ ಕೊಟ್ಟಿದ್ದೆ. ಇಷ್ಟು ಜನರಿರುವ ಮನೆ ಇಷ್ಟು ಎಂಬ, ಒಟ್ಟು ಐವತ್ತು ಮನೆಗಳ ಪಟ್ಟಿಯಿಂದ ಮನೆಗೆ ಸರಾಸರಿ ಎಷ್ಟು ಜನ ಎಂದು ತೆಗೆಯಬೇಕು. ಪಟ್ಟಿ ನನ್ನ ನೋಟ್ಸಿನದು, ಹದಿನಾಲ್ಕು ವರ್ಷ ಓದಿ ಬರೆಸಿದ್ದು. ನಲವತ್ತೊಂದು ಜನರ ಉತ್ತರ ಒಂದೇ. ರೇಣುಕಾ ಎಂಬ ನೇಕಾರರ ಹುಡುಗಿಯದು ಮಾತ್ರ ಬೇರೆ, ಅದೂ ಕಂಪ್ಯೂಟರಿನ ಪ್ರಿಂಟು. ಕೆಫೆಯವನು ಮಾಡಿಕೊಟ್ಟಿದ್ದಾನೆ ಎಂದು ಆ ಕ್ಷಣವೇ ತೀರ್ಮಾನಿಸಿದೆ.

ನಾನು ಇಂಟರ್ನಲ್ ಅಂಕ ಸೊನ್ನೆ ಹಾಕಿದರೆ ಅವಳು ಫೇಲು. ಫೇಲಾದರೆ ಕಾಲೇಜು ಬಿಡಿಸಿ ಮಗ್ಗಕ್ಕೆ ಕೂಡಿಸುತ್ತೇನೆಂದು ಅವಳ ಅಪ್ಪ ಹೇಳಿದ್ದು ನನಗೂ ಗೊತ್ತಿತ್ತು. ಆದರೂ ಸ್ಟಾಫ್ ರೂಮಿಗೆ ಕರೆಸಿದೆ.

"ಖರೆ ಹೇಳವಾ, ಇದನ್ನ ಯಾರ ಮಾಡಿಕೊಟ್ರು?"

"ನಾನ ಮಾಡೇನ್ರಿ ಸರ್, ನಮ್ಮ ಲ್ಯಾಬಿನ್ಯಾಗ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಾಳು ಎಂದು ಕಾದೆ. ಮುಟ್ಟಿಕೊಳ್ಳಲಿಲ್ಲ. ಹಾಗಾದರೆ ನನ್ನೆದುರೇ ಮಾಡಿ ತೋರಿಸು ಎಂದು ಲ್ಯಾಬಿಗೆ ಕರೆದೊಯ್ದೆ.

ಅವಳು ಎಕ್ಸೆಲ್ ತೆರೆದು ಅಂಕಿಗಳನ್ನು ತುಂಬಿ, ಮೊದಲು ಮನೆಗಳನ್ನೇ ಕೂಡಿಸಿದಳು.

"ನಿಮ್ಮ ಪಟ್ಟಿ ಕೆಳಗ ಒಟ್ಟು ಐವತ್ತು ಅಂತ ಐತ್ರಿ. ಕೂಡಿಸಿದ್ರ ನಲವತ್ತೆಂಟ ಆಗ್ತಾವ್ರಿ. ಅದಕ್ಕ ನಲವತ್ತೆಂಟರಿಂದನ ಭಾಗಿಸೇನ್ರಿ."

"ಕೊಟ್ಟ ಮೊತ್ತಾನ ಮತ್ಯಾಕ ಕೂಡಿಸಿದಿ?"

"ಮಗ್ಗದಾಗ ಸೀರಿ ಮೈಯ ಎಳಿಗೆ ಸೆರಗಿನ ಎಳಿ ಕೂಡಿಸೂ ಮುಂದ ಎರಡೂ ಕಡೆ ಎಣಸ್ತೇವ್ರಿ ಸರ್. ಯಾರ ಹೇಳಿದ್ರೂ ಎಣಸ್ತೇವ್ರಿ. ಒಂದ ಎಳಿ ಕಮ್ಮಿ ಬಿದ್ರ ಕೂಡಂಗಿಲ್ಲ."

ಹಳೆಯ ನೋಟ್‌ಬುಕ್ ತಂದು ನಾನೂ ಕೂಡಿಸಿದೆ. ನಲವತ್ತೆಂಟೇ. ಪಟ್ಟಿ ಬರೆದುಕೊಳ್ಳುವಾಗ ಎಂದೋ ಎರಡು ಮನೆ ಬಿಟ್ಟಿದ್ದೆ. ಆ ನಲವತ್ತೊಂದು ಜನ ಕೂಡಿಸಿ ನೋಡದೆ ಐವತ್ತರಿಂದಲೇ ಭಾಗಿಸಿ ನನ್ನ ತಪ್ಪನ್ನು ಅಚ್ಚುಕಟ್ಟಾಗಿ ನಕಲು ಮಾಡಿದ್ದರು. ಅವರ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಬಂದಿರಲಿಲ್ಲ. ನಾಚಿಕೆಯಾಯಿತು.

ಮರುದಿನ ತರಗತಿಯಲ್ಲಿ ತಪ್ಪು ಒಪ್ಪಿಕೊಂಡು ರೇಣುಕಾಳಿಗೆ ಪೂರ್ತಿ ಅಂಕ ಕೊಟ್ಟೆ. ಅಂದಿನಿಂದ ಪ್ರತಿ ಜೂನ್‌ನಲ್ಲಿ ಮೊದಲು ನನ್ನ ನೋಟ್ಸನ್ನೇ ಪರೀಕ್ಷಿಸುತ್ತಿದ್ದೆ. ಕಂಪ್ಯೂಟರ್ ಬಂದ ಮೇಲೆ ಮಕ್ಕಳು ನಕಲು ಮಾಡದಂತೆ ಕಾಯುವುದು ನನ್ನ ಕೆಲಸವೆಂದುಕೊಂಡಿದ್ದೆ. ಕೊಟ್ಟಿದ್ದನ್ನು ಎಣಿಸಿ ನೋಡಲು ಕಲಿಸುವುದೇ ಮೇಷ್ಟ್ರ ಕೆಲಸ.

ತಪ್ಪು ಒಪ್ಪಿಕೊಂಡ ಆ ದಿನ ತರಗತಿ ಮುಗಿದ ಮೇಲೆ ರೇಣುಕಾ ಮೇಜಿನ ಹತ್ತಿರ ಬಂದಳು.

"ಸರ್, ನಮಗಿಂತ ಮೊದಲ ಈ ಪಟ್ಟಿ ಕಲ್ತವ್ರಿಗೆ ಇದು ತಪ್ಪೈತಿ ಅಂತ ಯಾರ ಹೇಳ್ತಾರ್ರಿ?"