‘ದುಪ್ಪಟ್ಟು’ ಎಂದರೆ ಎಷ್ಟು ಎಂದು ಕೇಳಿದ ಸಿಸ್ಟರ್

ಬಿಪಿ ನೋಡುವ ರಬ್ಬರ್ ಉಂಡೆಯನ್ನು ಹಿಚುಕಿ ಹಿಚುಕಿ ಸಿಸ್ಟರ್ ಅವರ ಬಲ ಅಂಗೈಯಲ್ಲಿ ಕಾಸಗಲದ ಜಡ್ಡು ಕಟ್ಟಿತ್ತು. ಆ ಕೈಯನ್ನು ನಾನು ಮೊದಲು ಹತ್ತಿರದಿಂದ ಕಂಡದ್ದು ಪುತ್ತೂರಿನ ನಮ್ಮ ಪತ್ರಿಕಾ ಕಚೇರಿಯಲ್ಲಿ, ಅದು ನನ್ನ ಮೇಜನ್ನು ಗುದ್ದಿದಾಗ.

ಅವರು ಕಡಬದ ಕಡೆಯ ಆರೋಗ್ಯ ಉಪಕೇಂದ್ರದ ದಾದಿ. ಪೆರಾಬೆ, ಕಾಣಿಯೂರಿನ ಮನೆಮನೆಗೂ ಸ್ಕೂಟರಿನಲ್ಲಿ ಹೋಗಿ, ಮಾತ್ರೆ ನುಂಗದವರನ್ನು ಬೈದು, ಬೈಸಿಕೊಂಡವರ ಮನೆಯಲ್ಲೇ ಚಹಾ ಕುಡಿದು ಬರುವವರು.

ಅದಕ್ಕೆ ತಿಂಗಳ ಹಿಂದೆ ನಾನೊಂದು ಸುದ್ದಿ ಮಾಡಿದ್ದೆ. ಎಲ್ಲಿಯದೋ ಅಧ್ಯಯನ, ಪೂರ್ತಿ ಓದದೆ ತಲೆಬರಹ ಕೊಟ್ಟಿದ್ದೆ: ‘ಬಿಪಿ ಮಾತ್ರೆ: ಕ್ಯಾನ್ಸರ್ ಅಪಾಯ ದುಪ್ಪಟ್ಟು!’

“ಎಷ್ಟಿದ್ದದ್ದು ಎಷ್ಟಾದದ್ದು, ಹೇಳಿ ಮಾರಾಯ್ರೆ,” ಎಂದರು ಸಿಸ್ಟರ್. ನಾನು ಹಳೆಯ ಪತ್ರಿಕೆಗಳ ಕಟ್ಟಿಗೆ ಕೈಹಾಕಿದೆ.

“ಒಂದು ಗೋಣಿ ಕುಚ್ಚಲಕ್ಕಿಯಲ್ಲಿ ಒಂದು ಕಲ್ಲುಂಟು. ಇನ್ನೊಂದು ಗೋಣಿಯಲ್ಲಿ ಎರಡುಂಟು. ಅದು ಸಹ ದುಪ್ಪಟ್ಟೇ. ನೀವು ಉಣ್ಣುದು ಬಿಡ್ತೀರಾ?”

ಆ ಎರಡು ಸಂಖ್ಯೆಗಳೂ ನನಗೆ ಬಂದ ವರದಿಯ ಕೊನೆಯಲ್ಲಿದ್ದವು. ಎರಡೂ ತೀರಾ ಸಣ್ಣವು. ಜಾಗ ಸಾಲದೆಂದು ಆ ಪ್ಯಾರಾವನ್ನು ಓದದೆಯೇ ಕತ್ತರಿಸಿದವನು ನಾನೇ.

“ಬನ್ನಿ ನನ್ನೊಟ್ಟಿಗೆ,” ಎಂದು ಸಿಸ್ಟರ್ ಪೆರಾಬೆಯ ಒಂದು ಮನೆಗೆ ಕರೆದುಕೊಂಡು ಹೋದರು. ಬೀಡಿ ಕಟ್ಟಿ ಬದುಕುತ್ತಿದ್ದ ಹೆಂಗಸೊಬ್ಬರು ಚಾಪೆಯ ಮೇಲೆ ಮಲಗಿದ್ದರು. ಬಿಪಿ ಏರಿ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ನನ್ನ ಸುದ್ದಿ ಓದಿ ಮಾತ್ರೆ ಬಿಟ್ಟಿದ್ದರಂತೆ.

“ಪೇಪರಿನಲ್ಲಿ ಬಂದದ್ದಲ್ವಾ, ಸುಳ್ಳು ಬರೀಲಿಕ್ಕಿಲ್ಲ ಅಂತ ಅಮ್ಮ ನಂಬಿದ್ದು,” ಎಂದಳು ಮಗಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

“ಬರೆದವ್ರು ಇವ್ರೇ,” ಎಂದರು ಸಿಸ್ಟರ್. ನನ್ನನ್ನು ಉಳಿಸುವ ಉದ್ದೇಶ ಅವರಿಗಿರಲಿಲ್ಲ.

ತಿದ್ದುಪಡಿಗಾಗಿ ಸಂಪಾದಕರೊಂದಿಗೆ ಜಗಳವಾಡಿದೆ. “ಸುಳ್ಳೇನು ಬರೆದಿದ್ದೇವೆ? ದುಪ್ಪಟ್ಟು ಹೌದಲ್ಲ?” ಎಂದರು. ಕೊನೆಗೆ ಒಳಪುಟದಲ್ಲಿ, ಜಾಹೀರಾತಿನ ಕೆಳಗೆ ನಾಲ್ಕು ಸಾಲು ಬಂತು. ಸಿಸ್ಟರ್ ಅದನ್ನು ಓದಿ, “ಹೆದರಿಸ್ಲಿಕ್ಕೆ ಮೊದಲ ಪುಟ, ತಿದ್ದಲಿಕ್ಕೆ ಮೂಲೆ. ಥೂ!” ಎಂದರು. ಆಮೇಲೆ ಅದನ್ನೇ ದೊಡ್ಡ ಅಕ್ಷರದಲ್ಲಿ ಕೈಯಾರೆ ಬರೆದು, ಜೆರಾಕ್ಸ್ ಮಾಡಿಸಿ, ಮನೆಮನೆಗೆ ಹಂಚಿದರು. ಮಾತ್ರೆ ಬಿಟ್ಟಿದ್ದ ಇನ್ನೂ ಆರು ಮಂದಿ ಆಗ ಸಿಕ್ಕಿದರು.

ಈಗ ಎರಡೂ ಸಂಖ್ಯೆ ಇಲ್ಲದ ಇಂಥ ಸುದ್ದಿಯನ್ನು ನಾನು ಮುಟ್ಟುವುದಿಲ್ಲ. ನಾನು ಬಿಟ್ಟದ್ದನ್ನು ಪಕ್ಕದ ಮೇಜಿನವನು ಹಾಕುತ್ತಾನೆ, ಜನ ಮೊಬೈಲಿನಲ್ಲಿ ಹಂಚುತ್ತಾರೆ. ನನಗೆ ಮೈ ಉರಿಯುತ್ತದೆ.

ಹೋದ ವರ್ಷ ಸಿಸ್ಟರ್ ತೀರಿಕೊಂಡರು. ಅಂತಿಮ ದರ್ಶನಕ್ಕೆ ಪೆರಾಬೆಯ ಆ ಹೆಂಗಸೂ ಮಗಳ ಹೆಗಲು ಹಿಡಿದು ಬಂದಿದ್ದರು. ಅವರಿಗೆ ನನ್ನ ಗುರುತು ಸಿಕ್ಕಿತು. ಎಡಗೈಯಿಂದ ನನ್ನ ಅಂಗಿಯ ತೋಳು ಹಿಡಿದು ಏನೋ ಹೇಳಲು ಹೊರಟರು. ತುಟಿ ಅಲುಗಿತು, ಮಾತು ಕೂಡಲಿಲ್ಲ. ಮಗಳಿಗೂ ತಿಳಿಯಲಿಲ್ಲ. ಬೈಗುಳವೇ ಇರಬೇಕು. ಅವರು ಕೈ ಬಿಡುವವರೆಗೂ ನಾನು ಅಲ್ಲಿಯೇ ನಿಂತಿದ್ದೆ.